ಯುಗಾದಿ ಒಬ್ಬಟ್ಟಿನ ಗುಮಾನಿ

"ಮದ್ದೇ ಕಣೋ ಅದು. ಜ್ವರ ಅಂತೆ ಜ್ವರ! ಜ್ವರ ಬಂದೋರ್ನ ನಾನೇನು ಕಂಡಿಲ್ವಾ? ಮೂರು ದಿನ ಕಾಯ್ತದೆ, ಕಷಾಯ ಕುಡಿದು ಕಂಬಳಿ ಹೊದ್ರೆ ಬೆವರಿ ಇಳೀತದೆ. ಇಪ್ಪತ್ತೊಂದು ದಿನ ಹೊಟ್ಟೇಲಿ ಕೂತು ಮನುಷ್ಯನ್ನ ಹಿಂಡಿ ಹಿಪ್ಪೆ ಮಾಡಿದ್ದು ಜ್ವರ ಆಗ್ತದಾ?"

ಹೀಗೆ ಅಂದವಳು ಅಮ್ಮಾಜಮ್ಮ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ರೇಷ್ಮೆ ಹುಳುಗಳಿಗೆ ಹಾಕುವ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಕೊಚ್ಚುತ್ತಿದ್ದಳು. ಒಂದೊಂದು ಮಾತಿಗೆ ಒಂದೊಂದು ಏಟು. ಕೇಳುತ್ತಿದ್ದವನು ಅವಳ ತಮ್ಮ ಮುನಿಶಾಮಪ್ಪ. ಎರಡು ತಿಂಗಳ ಹಿಂದೆ ರಾಗಿ ಮೂಟೆಯನ್ನು ಒಂದೇ ಏಟಿಗೆ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಆಳು ಈಗ ಗೋಡೆಗೆ ಒರಗಿ, ಕಂಬಳಿ ಹೊದ್ದು, ನಡುಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದ.

"ನೀರಿಂದ ಬಂತು ಅಂದ್ರಲ್ಲ ಅಕ್ಕಯ್ಯ, ಡಾಕ್ಟ್ರು."

"ಅದೇ ನೀರು ನಾನು ಕುಡೀಲಿಲ್ವಾ? ನಿನ್ ಹೆಂಡ್ತಿ ಕುಡೀಲಿಲ್ವಾ? ಎಮ್ಮೆ ಕುಡೀಲಿಲ್ವಾ? ನಿನ್ನೊಬ್ಬನ್ನೇ ಹುಡುಕ್ಕೊಂಡು ಬಂತಾ ನೀರು?"

ಇಂಥ ಪ್ರಶ್ನೆ ಒಂದು ಸಲ ಮುನಿಶಾಮಪ್ಪನ ತಲೆಗೆ ಹೊಕ್ಕರೆ ಜಪ್ಪಯ್ಯ ಅಂದರೂ ಈಚೆಗೆ ಬರುತ್ತಿರಲಿಲ್ಲ. ಕೆಂಚಾರ್ಲಹಳ್ಳಿಯಲ್ಲಿ ಅವನ ಗುಮಾನಿ ಎಲ್ಲರಿಗೂ ಗೊತ್ತು. ಶಿಡ್ಲಘಟ್ಟಕ್ಕೆ ರೇಷ್ಮೆ ಗೂಡು ಮಾರಲು ಹೋದಾಗ ಕೊಳ್ಳುವವನು ಗೂಡು ಚೆನ್ನಾಗಿಲ್ಲ ಅಂದರೆ "ಇವನು ಮೋಸಗಾರ" ಅನ್ನುತ್ತಿದ್ದ. ಚೆನ್ನಾಗಿದೆ ಅಂದರೆ "ಇವನು ಇನ್ನೂ ದೊಡ್ಡ ಮೋಸಗಾರ" ಅನ್ನುತ್ತಿದ್ದ. ಬಸ್ಸು ಚಿಂತಾಮಣಿಗೆ ಹೋಗುತ್ತದಾ ಅಂತ ಕಂಡಕ್ಟರನ್ನು ಕೇಳಿ, ಹತ್ತಿದ ಮೇಲೆ ಪಕ್ಕದಲ್ಲಿ ಕೂತವನನ್ನೂ ಕೇಳಿ, ಇಬ್ಬರೂ ಹೌದು ಅಂದರೆ "ಇಬ್ಬರೂ ಮಾತಾಡಿಕೊಂಡಿದ್ದಾರೇನೋ" ಅಂತ ಕಿಟಕಿಯಿಂದ ಮೈಲಿಗಲ್ಲು ನೋಡುತ್ತ ಹೋಗುವ ಮನುಷ್ಯ. ಇಂಥವನಿಗೆ ಕಾಯಿಲೆ ಬಂದರೆ ಸುಮ್ಮನೆ ಬಂದಿದೆ ಅಂತ ನಂಬುತ್ತಾನೆಯೇ?

ಚಿಂತಾಮಣಿಯ ಡಾಕ್ಟರು ಮಾತ್ರ ಬಿಡಿಸಿ ಹೇಳಿದ್ದರು. ಇದು ಟೈಫಾಯಿಡ್, ಹೊಟ್ಟೆಗೆ ಸೇರುವ ಒಂದು ಕ್ರಿಮಿಯ ಕೆಲಸ ಅಂದಿದ್ದರು. ಆಗ ಹೊಸದಾಗಿ ಬಂದಿದ್ದ ಕ್ಯಾಪ್ಸೂಲು ಕೊಟ್ಟು ಜ್ವರ ಇಳಿಸಿ, ಕಳಿಸುವಾಗ ಅವನ ಹೆಂಡತಿ ವೆಂಕಟರತ್ನಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿಕೊಂಡು ಇಷ್ಟು ಹೇಳಿದ್ದರು:

"ಕ್ರಿಮಿ ಸತ್ತಿದೆಯಮ್ಮ, ಹುಣ್ಣು ಮಾಯ್ದಿಲ್ಲ. ಇವನ ಕರುಳು ಈಗ ನೆನೆದ ಕಾಗದ ಇದ್ದ ಹಾಗೆ. ಇನ್ನು ಮೂರು ವಾರ ಹಳೇ ಅಕ್ಕಿ ಗಂಜಿ, ಮಜ್ಜಿಗೆ ನೀರು, ಅಷ್ಟೇ. ಕುಡಿಯೋ ನೀರು ಕುದಿಸಿ ಆರಿಸಿರಬೇಕು. ಮುದ್ದೆ ಕೇಳ್ತಾನೆ, ಅಳ್ತಾನೆ, ಕೊಡಬೇಡ. ನಾಟಿ ಔಷಧಿ ಅಂತ ವಾಂತಿಗೆ ಭೇದಿಗೆ ಏನಾದರೂ ಕುಡಿಸಿದಿರೋ, ಕರುಳು ತೂತು ಬೀಳುತ್ತೆ. ಆಮೇಲೆ ನನ್ನ ಹತ್ತಿರ ತಂದು ಪ್ರಯೋಜನ ಇಲ್ಲ."

ಡಾಕ್ಟರು ಅಳ್ತಾನೆ ಅಂದದ್ದು ಸುಳ್ಳಾಗಲಿಲ್ಲ. ಜ್ವರ ಬಿಟ್ಟ ನಾಲ್ಕನೇ ದಿನಕ್ಕೆ ಮುನಿಶಾಮಪ್ಪನಿಗೆ ಹಸಿವು ಹಿಡಿಯಿತು. ಅಂಥಿಂಥ ಹಸಿವಲ್ಲ. ಆಚೆ ಬೀದಿಯಲ್ಲಿ ಯಾರ ಮನೆಯಲ್ಲಿ ಹುರುಳಿ ಕಾಳು ಬಸಿಯುತ್ತಿದ್ದಾರೆ, ಯಾರು ಬೆಳ್ಳುಳ್ಳಿ ಒಗ್ಗರಣೆ ಹಾಕಿದರು ಎಂದು ಕೂತಲ್ಲಿಂದಲೇ ಹೇಳುವಷ್ಟು ಮೂಗು ಚುರುಕಾಯಿತು. ಸ್ವಂತ ಅಡುಗೆಮನೆಯಲ್ಲಿ ಮುದ್ದೆ ತಿರುವುವ ಕೋಲಿನ ಸದ್ದು ಕೇಳಿದರೆ ಕಣ್ಣಲ್ಲಿ ನೀರು ತುಂಬಿಕೊಳ್ಳುತ್ತಿತ್ತು. ರತ್ನಮ್ಮ ಬಟ್ಟಲಲ್ಲಿ ಗಂಜಿ ತಂದಿಟ್ಟಾಗ ಅದರೊಳಗೆ ತನ್ನ ಮುಖ ನೋಡಿಕೊಂಡು ಹೇಳುತ್ತಿದ್ದ:

"ಇದ್ರಲ್ಲಿ ಅಗಳು ಎಲ್ಲಮ್ಮ?"

"ಐತೆ. ಹುಡುಕ್ಕೊಳ್ಳಿ."

"ಒಂದು ಉಂಡೆ ಮುದ್ದೆ ಇಕ್ಕಿದ್ರೆ ನಿನ್ ಗಂಟೇನು ಹೋಗ್ತದೆ?"

"ಎರಡನೇ ಜ್ವರ ಎದ್ದ ಹುಳಕ್ಕೆ ಬಲಿತ ಸೊಪ್ಪು ಹಾಕ್ತೀರಾ ನೀವು? ಹಾಕಿದ್ರೆ ಏನಾಗ್ತದೆ ಅಂತ ನನಗೆ ಕಲಿಸಿದ್ದು ಯಾರು?"

ರೇಷ್ಮೆ ಹುಳು ಪೊರೆ ಕಳಚುವ ದಿನಗಳಿಗೆ ಈ ಕಡೆ ಜ್ವರ ಎಂದೇ ಹೆಸರು. ಆಗ ಅವು ಮೇವು ಬಿಟ್ಟು ತಲೆಯೆತ್ತಿ ಕೂತುಬಿಡುತ್ತವೆ, ಎದ್ದ ಮೇಲೆ ಎಳೆ ಸೊಪ್ಪನ್ನೇ ಹಾಕಬೇಕು. ಇಪ್ಪತ್ತು ವರ್ಷ ಹುಳು ಸಾಕಿದವನಿಗೆ ಇದು ಗೊತ್ತಿಲ್ಲದ ವಿಷಯವಲ್ಲ. ಆದರೆ ಹಸಿದವನಿಗೆ ಬುದ್ಧಿ ಹೇಳುವವರೆಲ್ಲ ವೈರಿಗಳಂತೆ ಕಾಣುತ್ತಾರೆ. ಇವಳಿಗೆ ಯಾಕೆ ಇಷ್ಟು ಹಟ? ಗಂಜಿ ಬಗ್ಗಿಸುವಾಗ ಬೆನ್ನು ತಿರುಗಿಸಿ ನಿಲ್ಲುತ್ತಾಳಲ್ಲ, ಯಾಕೆ? ಮೊನ್ನೆ ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡು ಹಿತ್ತಲ ಬಾಗಿಲಿಂದ ಬಂದಳಲ್ಲ, ಕೇಳಿದರೆ "ಏನಿಲ್ಲ" ಅಂದಳಲ್ಲ, ಏನಿಲ್ಲದ್ದನ್ನು ಯಾರಾದರೂ ಮುಚ್ಚಿಕೊಂಡು ಬರುತ್ತಾರಾ? ಇನ್ನೂ ಒಂದು: ಈ ಗಂಜಿಯ ಅಕ್ಕಿ ನಮ್ಮ ಮನೆಯದಲ್ಲ. ನಮ್ಮದು ದಪ್ಪಕ್ಕಿ, ಮುಗಿದು ತಿಂಗಳಾಯಿತು. ಇದು ಮೆತ್ತಗೆ ಬೆಂದ ಸಣ್ಣಕ್ಕಿ, ಹಳೇ ಅಕ್ಕಿಯ ವಾಸನೆ.

ಇಷ್ಟೆಲ್ಲ ಗುಮಾನಿ ಸುತ್ತಿ ಸುತ್ತಿ ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಗಂಗುಲಮ್ಮನ ಒಬ್ಬಟ್ಟಿನ ಮೇಲೆ.

ಗಂಗುಲಮ್ಮ ಅವನ ದೊಡ್ಡಪ್ಪನ ಮಗ ಮುನಿಗಂಗಪ್ಪನ ಹೆಂಡತಿ, ಅತ್ತಿಗೆ ಆಗಬೇಕು. ತೆಲುಗು ಬೆರೆತ ಈ ಸೀಮೆಯ ರೂಢಿಯಂತೆ ಅವನು ಕರೆಯುತ್ತಿದ್ದದ್ದು ವದಿನಮ್ಮ ಎಂದು. ಕರೆಯುತ್ತಿದ್ದ ಅನ್ನುವುದೂ ತಪ್ಪು. ಎರಡು ಮನೆಗೂ ಸೇರಿದ ಬಾವಿಯಲ್ಲಿ ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತುವ ಸರದಿಯ ಬಗ್ಗೆ ಜಗಳವಾಗಿ ಮೂರು ವರ್ಷ ಮಾತೇ ನಿಂತುಹೋಗಿತ್ತು. ಗಂಡ ಸಾಧು, ಒಳಗೇ ಇರುವವನು. ಜಗಳವನ್ನೆಲ್ಲ ಆಡಿದವಳು ಅವಳೇ. ಅಂಥವಳು ಈ ಸಲ ಯುಗಾದಿಯ ದಿನ ಕರೆ ಕಳಿಸಿ, ಎಲೆ ಹಾಕಿಸಿ, ಸ್ವಂತ ಕೈಯಲ್ಲಿ ಮೂರು ಒಬ್ಬಟ್ಟು ಇಕ್ಕಿ ಮೇಲೆ ತುಪ್ಪ ಬಿಟ್ಟಿದ್ದಳು. "ಇನ್ನೊಂದು ತಿನ್ನಪ್ಪ" ಅಂದಿದ್ದಳು. ಅದಾದ ಹನ್ನೆರಡನೇ ದಿನಕ್ಕೆ ಜ್ವರ ಬಂತು.

"ನೀನೇ ಲೆಕ್ಕ ಹಾಕು," ಎಂದಳು ಅಮ್ಮಾಜಮ್ಮ ಸೊಪ್ಪಿನ ಬುಟ್ಟಿ ಎತ್ತಿಕೊಂಡು ಏಳುತ್ತ. "ಮೂರು ವರ್ಷ ನಿನ್ ನೆರಳು ಕಂಡ್ರೆ ಉಗೀತಿದ್ದೋಳು, ಕರೆದು ತುಪ್ಪ ಬಿಟ್ಟು ಇಕ್ತಾಳೆ ಅಂದ್ರೆ ಸುಮ್ನೆ ಇಕ್ತಾಳಾ? ಸೋಮವಾರ ಬಯ್ಯಪ್ಪ ಬರ್ತಾನೆ. ಹೇಳಿ ಕಳಿಸಿದೀನಿ."

ಬಯ್ಯಪ್ಪ ಮುರುಗಮಲ್ಲದ ಆಚೆಗಿನ ಒಂದು ಹಳ್ಳಿಯವನು, ಮದ್ದು ತೆಗೆಯುವವನು. ಮದ್ದು ಅಂದರೆ ಇಲ್ಲಿ ಔಷಧಿಯಲ್ಲ. ಆಗದವರು ಸಿಹಿಯಲ್ಲೋ ಎಲೆ ಅಡಿಕೆಯಲ್ಲೋ ಕಣ್ಣಿಗೆ ಕಾಣದಷ್ಟು ಸೇರಿಸಿ ತಿನ್ನಿಸುವ ವಿಷ. ಒಂದೇ ಸಲಕ್ಕೆ ಕೊಲ್ಲುವುದಿಲ್ಲ, ಹೊಟ್ಟೆಯಲ್ಲಿ ಗಡ್ಡೆ ಕಟ್ಟಿ ಕೂತು ಮನುಷ್ಯನನ್ನು ದಿನಾ ಸವೆಸುತ್ತದೆ ಅನ್ನುತ್ತಾರೆ. ತೆಗೆಯುವುದಕ್ಕೆ ಇರುವುದು ಒಂದೇ ದಾರಿ: ಕಷಾಯ ಕುಡಿಸಿ, ಕರುಳು ಬಾಯಿಗೆ ಬರುವ ಹಾಗೆ ಕಕ್ಕಿಸುವುದು.

ಅಡುಗೆಮನೆ ಬಾಗಿಲಲ್ಲಿ ರತ್ನಮ್ಮ ನಿಂತಿದ್ದಳು. ಕೈಯಲ್ಲಿ ಗಂಜಿ ಬಟ್ಟಲು.

"ಬಯ್ಯಪ್ಪ ಬರೋದು ಬೇಡ ಅತ್ತಿಗೆ," ಅಂದಳು. "ಕಕ್ಕಿಸಿದ್ರೆ ಕರುಳು ತೂತು ಬೀಳ್ತದೆ ಅಂತ ಡಾಕ್ಟ್ರು ಬಡ್ಕೊಂಡವ್ರೆ."

"ನೀನ್ಯಾಕೆ ಅಡ್ಡ ಬರ್ತೀಯಮ್ಮ? ಮದ್ದು ಈಚೆಗೆ ಬಂದ್ರೆ ಯಾರ ಹೆಸರು ಈಚೆಗೆ ಬರ್ತದೆ ಅಂತ ಭಯಾನಾ?"

ಅಮ್ಮಾಜಮ್ಮ ಮಾತು ಹಾಗೇ ಬಿಟ್ಟು ಹುಳುವಿನ ಮನೆಗೆ ಹೋದಳು. ರತ್ನಮ್ಮನ ಮುಖ ಕೆಂಪಾಯಿತು. ಮುನಿಶಾಮಪ್ಪ ಆ ಕೆಂಪನ್ನೇ ನೋಡಿದ. ಹೌದಲ್ಲ, ಇವಳು ಯಾಕೆ ಅಡ್ಡ ಬರುತ್ತಾಳೆ? ಆ ದಿನದ ಗಂಜಿಯನ್ನು ಅವನು ಅರ್ಧ ಕುಡಿದು ಅರ್ಧ ಬಿಟ್ಟ. ಮಾರನೇ ದಿನ ಕಾಲು ಭಾಗ ಕುಡಿದ. ಭಾನುವಾರ ಬಟ್ಟಲನ್ನು ಮೂಸಿ ನೋಡಿ ಪಕ್ಕಕ್ಕೆ ತಳ್ಳಿದ. ಹಸಿವು ಹೊಟ್ಟೆಯನ್ನು ಕೊರೆಯುತ್ತಿತ್ತು. ಆ ಕೊರೆತವೇ ಮದ್ದಿನ ಗಡ್ಡೆ ಅಂತ ಅವನಿಗೆ ಖಾತ್ರಿಯಾಗುತ್ತ ಬಂತು. ಬೆರಳಿಟ್ಟು ಒತ್ತಿ ನೋಡಿದರೆ ಬಲಗಡೆ ಏನೋ ಸಿಕ್ಕಂತೆಯೂ ಆಯಿತು.

"ಸೋಮವಾರ ಕುಡಿದುಬಿಡ್ತೀನಿ," ಅಂದ ಗೋಡೆ ಕಡೆ ತಿರುಗಿ.

"ಕುಡಿದ್ರೆ ಉಳಿಯಲ್ಲ ನೀವು," ಅಂದಳು ರತ್ನಮ್ಮ. ಹೋಗಿ ಒಲೆಯ ಮುಂದೆ ಕೂತಳು, ಅಲ್ಲಿಂದ ಮೂಗೆಳೆಯುವ ಸದ್ದು ಕೇಳಿಸಿತು. ಹೊಗೆಗೋ ಅಳುವಿಗೋ ಎಂದು ಅವನು ಯೋಚಿಸುತ್ತ ಬಿದ್ದುಕೊಂಡ.

ಸೋಮವಾರ ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಬಯ್ಯಪ್ಪ ಬಂದ. ಸಣಕಲು ಮುದುಕ, ಹೆಗಲಿಗೆ ಜೋಳಿಗೆ, ತುಂಬ ಮರ್ಯಾದೆಯ ಮನುಷ್ಯ. ಕಾಲು ತೊಳೆದೇ ಒಳಗೆ ಬಂದ.

"ಏಮಪ್ಪಾ, ಇಷ್ಟು ಸೊರಗಿದೀಯ! ನಿನ್ನ ನೋಡಿದ್ರೇನೇ ಅರ್ಧ ಗೊತ್ತಾಗ್ತದೆ. ಇನ್ನರ್ಧ ತಟ್ಟೆ ಹೇಳ್ತದೆ. ಒಂದು ಕಂಚಿನ ತಟ್ಟೆ ಕೊಡಮ್ಮಾ."

ಮೊದಲು ಅವನು ಒಲೆಯ ಮೇಲೆ ಯಾವುದೋ ಬೇರು ಬೀಜ ಹಾಕಿ ಕಷಾಯಕ್ಕಿಟ್ಟ. ಅದು ಕುದಿಯುವಷ್ಟರಲ್ಲಿ ಪರೀಕ್ಷೆ. ಮುನಿಶಾಮಪ್ಪನ ಬಲಗೈಯನ್ನು ತಟ್ಟೆಯ ಮೇಲೆ ಹಿಡಿದು ಚೊಂಬಿನಿಂದ ನೀರು ಬಿಟ್ಟ. ಕೈ ತೊಳೆದ ನೀರು ತಟ್ಟೆಯಲ್ಲಿ ನಿಂತಿತು. ಜೋಳಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು, ಅದರೊಳಗೆ ಜಜ್ಜಿಟ್ಟಿದ್ದ ಸೊಪ್ಪನ್ನು ಆ ನೀರಿನಲ್ಲಿ ಅದ್ದಿ ಅದ್ದಿ ಹಿಂಡಿದ. ನೀರು ಹಸಿರಾಯಿತು. ತುಟಿ ಅಲ್ಲಾಡಿಸುತ್ತ ಮೊರ ಮುಚ್ಚಿದ.

"ಬರೀ ಕಾಯಿಲೆ ಆಗಿದ್ರೆ ನೀರು ನೀರಾಗೇ ಇರ್ತದೆ," ಅಂದ ಎಲೆಗೆ ಸುಣ್ಣ ಹಚ್ಚುತ್ತ. "ಹೊಟ್ಟೇಲಿ ಮದ್ದಿದ್ರೆ ಗಡ್ಡೆ ಕಟ್ತದೆ. ಒಳಗೆ ಹೆಂಗೋ ಹೊರಗೂ ಹಂಗೇ."

ಎರಡು ಸಲ ಎಲೆ ಅಡಿಕೆ ಜಗಿದು ಮುಗಿಸುವಷ್ಟು ಹೊತ್ತು ತಟ್ಟೆ ಮುಚ್ಚಿಯೇ ಇತ್ತು. ಬಯ್ಯಪ್ಪ ಮೊರ ತೆಗೆದು ತಟ್ಟೆಯನ್ನು ಓರೆ ಮಾಡಿದ. ನೀರು ಹರಿಯಲಿಲ್ಲ. ಗಟ್ಟಿ ಮೊಸರಿನ ಹಾಗೆ ಹಸಿರಾಗಿ ನಡುಗುತ್ತ ನಿಂತಿತ್ತು.

"ಅಯ್ಯೋ ನಮ್ಮಪ್ಪಾ!" ಅಂತ ಅಮ್ಮಾಜಮ್ಮ ಎದೆ ಬಡಿದುಕೊಂಡಳು. "ನಾನು ಬಡ್ಕೊಂಡ್ನಲ್ಲೋ! ನೋಡಿದೇನೇ ರತ್ನ, ನೋಡಿದಾ ಕಣ್ಬಿಟ್ಟು?"

ರತ್ನಮ್ಮ ನೋಡಿದಳು. ಅವಳ ಧೈರ್ಯವೂ ತಟ್ಟೆಯ ಜೊತೆ ನಡುಗಿತೇನೋ, ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಬಯ್ಯಪ್ಪ ಕಷಾಯ ಸೋಸಿ ಒಂದು ದೊಡ್ಡ ಲೋಟದ ತುಂಬ ತಂದು ಮುನಿಶಾಮಪ್ಪನ ಕೈಗೆ ಕೊಟ್ಟ.

"ಒಂದೇ ಉಸಿರಿಗೆ ಕುಡಿದುಬಿಡಪ್ಪ. ಆಮೇಲೆ ಒಂದು ಗಳಿಗೆ ಕಷ್ಟ. ಕರುಳು ತಿರುವಿ ಬರ್ತದೆ, ಹೆದರ್ಕೋಬೇಡ."

ಮುನಿಶಾಮಪ್ಪ ಲೋಟವನ್ನು ತುಟಿಯವರೆಗೂ ತಂದ. ಕಹಿಯ ಹಬೆ ಮುಖಕ್ಕೆ ಹೊಡೆಯಿತು. ಆದರೆ ಅವನ ಮೂಗು ಹಸಿದವನ ಮೂಗು. ಕಹಿಯ ಆಚೆಗೆ, ತಟ್ಟೆಯಿಂದ ಬರುತ್ತಿದ್ದ ಇನ್ನೊಂದು ವಾಸನೆಯನ್ನು ಅದು ಹಿಡಿಯಿತು. ಹಸಿ ಹಸಿ, ಸೊಪ್ಪಿನ ವಾಸನೆ. ಇದನ್ನು ಎಲ್ಲೋ ಮೂಸಿದ್ದೇನೆ. ಎಲ್ಲಿ? ನೆನಪಾಗಲಿಲ್ಲ. ನೆನಪಾಗಲಿಲ್ಲ ಅನ್ನುವುದೇ ಗುಮಾನಿಗೆ ಸಾಕಾಯಿತು. ಈ ಮುದುಕ ಆ ಗಂಟನ್ನು ಬಿಚ್ಚಿ ತೋರಿಸಲಿಲ್ಲವಲ್ಲ? ಮೊರ ಯಾಕೆ ಮುಚ್ಚಿದ? ತಟ್ಟೆ ಹೇಳ್ತದೆ ಅಂದ, ಆ ತಟ್ಟೆ ಎಲ್ಲರ ವಿಷಯಕ್ಕೂ ಹೀಗೇ ಹೇಳುತ್ತದೋ, ನನ್ನೊಬ್ಬನಿಗೋ?

ಲೋಟ ಕೆಳಗಿಟ್ಟ.

"ಬಯ್ಯಪ್ಪಣ್ಣ, ಅಕ್ಕಯ್ಯನ ಕೈಗೂ ಒಂದು ಸಲ ನೋಡು."

"ಯಾಕಪ್ಪ? ಆಯಮ್ಮ ಗಟ್ಟಿಮುಟ್ಟಾಗವ್ರೆ."

"ಅದಕ್ಕೇ ನೋಡು ಅಂದಿದ್ದು."

"ನನಗ್ಯಾಕೋ?" ಅಂದಳು ಅಮ್ಮಾಜಮ್ಮ. ಅಂದರೂ ಕೈ ಚಾಚಿದಳು. ಬೇರೆ ತಟ್ಟೆ, ಬೇರೆ ನೀರು, ಅದೇ ಗಂಟು. ಈ ಸಲ ಮೊರ ಮುಚ್ಚಲು ಮುನಿಶಾಮಪ್ಪ ಬಿಡಲಿಲ್ಲ, ರೆಪ್ಪೆ ಬಡಿಯದೆ ನೋಡುತ್ತ ಕೂತ. ನೋಡುತ್ತಿದ್ದಂತೆ ನೀರು ಮಂದವಾಯಿತು, ಅಂಚಿನಿಂದ ಹೆಪ್ಪುಗಟ್ಟುತ್ತ ಬಂದು ನಡುವಿನವರೆಗೂ ನಿಂತುಬಿಟ್ಟಿತು.

ಅಮ್ಮಾಜಮ್ಮನ ಮುಖ ಬಿಳುಚಿಕೊಂಡಿತು. "ನನಗೂ ಹಾಕವಳೆ! ಯುಗಾದಿ ದಿನ ಮನೆಗೂ ಎರಡು ಒಬ್ಬಟ್ಟು ಕಳಿಸಿದ್ಲು, ನಾನು ತಿಂದೆ ಕಣೋ, ನಾನೂ ತಿಂದೆ! ಲೇ ಗಂಗೂ, ನಿನ್ ಮನೆ ಹಾಳಾಗ!" ಅಂತ ಬೀದಿಗೆ ಕೇಳುವಂತೆ ಕೂಗಿದಳು.

"ಇರು ಅಕ್ಕಯ್ಯ. ರತ್ನ, ಎಮ್ಮೆ ಮೂತಿ ತೊಳೆದು ಆ ನೀರು ತಗೊಂಡು ಬಾ."

"ಎಮ್ಮೇದಾ?"

"ಎಮ್ಮೇದೇ."

ರತ್ನಮ್ಮ ಓಡಿದಳು. ಎಮ್ಮೆಯ ಮೂತಿ ತೊಳೆದ ನೀರು ಬಂತು. ಬಯ್ಯಪ್ಪ ನಗಲೋ ಬೇಡವೋ ಅನ್ನುವಂತೆ ಸೊಪ್ಪು ಹಿಂಡಿದ. ಎಲ್ಲರೂ ಬಗ್ಗಿ ನೋಡಿದರು. ಆ ನೀರೂ ಗಡ್ಡೆ ಕಟ್ಟಿತು, ಅಮ್ಮಾಜಮ್ಮನದಕ್ಕಿಂತ ಚೆನ್ನಾಗಿಯೇ ಕಟ್ಟಿತು.

"ಏನಣ್ಣ," ಎಂದ ಮುನಿಶಾಮಪ್ಪ, "ಎಮ್ಮೇಗೂ ಗಂಗುಲಮ್ಮನೇ ಎಲೆ ಹಾಕಿ ತುಪ್ಪ ಬಿಟ್ಟು ಇಕ್ಕಿದ್ಲಾ?"

ಅಷ್ಟು ಹೊತ್ತಿಗೆ ಅವನಿಗೆ ನೆನಪಾಗಿತ್ತು. ಅದು ಬೇಲಿಯಲ್ಲಿ ಹಬ್ಬುವ ದಾಗಡಿ ಬಳ್ಳಿಯ ಎಲೆ. ದನ ಕಾಯುವ ಕಾಲದಲ್ಲಿ ಬೆಟ್ಟದ ಮೇಲೆ ಬಂಡೆಯ ಗುಳಿಯ ನೀರಿಗೆ ಅದನ್ನು ಹಿಂಡಿ, ಹಲ್ವಾ ಅಂತ ಕತ್ತರಿಸಿ ಹಂಚಿಕೊಂಡು ಆಡಿದವರಲ್ಲಿ ಅವನೂ ಒಬ್ಬ. ಯಾವ ನೀರಿಗೆ ಹಿಂಡಿದರೂ ಹೆಪ್ಪುಗಟ್ಟುವುದು ಅದರ ಗುಣ. ಮನೆಯಲ್ಲೇ ಬೆಳೆದ ಅಮ್ಮಾಜಮ್ಮನಿಗಾಗಲಿ, ಬೇರೆ ಊರಿಂದ ಬಂದ ರತ್ನಮ್ಮನಿಗಾಗಲಿ ಅದು ಗೊತ್ತಿರಲಿಲ್ಲ.

ಹೇಳಿದ. ಬಯ್ಯಪ್ಪ ಜಗಳ ಆಡುತ್ತಾನೆ ಅಂತ ಮುನಿಶಾಮಪ್ಪ ಅಂದುಕೊಂಡಿದ್ದ. ಮುದುಕ ಜಗಳ ಆಡಲಿಲ್ಲ. ಮೂರು ತಟ್ಟೆಗಳನ್ನೂ ಸಾಲಾಗಿಟ್ಟುಕೊಂಡು ಬೆರಳಿಂದ ಮುಟ್ಟಿ ಮುಟ್ಟಿ ನೋಡಿದ.

"ಮಾ ನಾಯನ, ನಮ್ಮಪ್ಪ, ಹೇಳಿಕೊಟ್ಟಿದ್ದು ಇದು," ಅಂದ. "ನಲವತ್ತು ವರ್ಷ ಮಾಡಿದೀನಿ. ಮದ್ದಿಲ್ಲ ಅನ್ನೋರು ನನ್ನ ಹತ್ರ ಯಾಕೆ ಬರ್ತಾರೆ? ಹಂಗಾಗಿ ಇಲ್ದೋರ ಕೈ ತೊಳೆದು ನೋಡ್ಲೇ ಇಲ್ಲ. ಎಮ್ಮೇದಂತೂ ಯಾರು ನೋಡ್ತಾರೆ..."

ಜೋಳಿಗೆ ಹೆಗಲಿಗೆ ಹಾಕಿಕೊಂಡು, ಕಷಾಯದ ಲೋಟವನ್ನು ಅಲ್ಲೇ ಮರೆತು, ತಲೆ ಅಲ್ಲಾಡಿಸುತ್ತ ಬಿಸಿಲಿಗೆ ಇಳಿದು ಹೋದ. ಅವನ ಹಿಂದೆ ಹೋಗಿ ಸಮಾಧಾನ ಹೇಳಬೇಕು ಅಂತ ರತ್ನಮ್ಮನಿಗೆ ಅನ್ನಿಸಿತು. ಅಷ್ಟರಲ್ಲಿ ಬಾಗಿಲಿಗೆ ಗಂಗುಲಮ್ಮ ಬಂದಳು. ಕೂಗು ಬೀದಿಗೆ ಕೇಳಿಸಿತ್ತಲ್ಲ.

"ಯಾರೋ ನನ್ನ ಮನೆ ಹಾಳಾಗ್ಲಿ ಅಂದ್ರಂತೆ," ಅಂದಳು ಸೊಂಟಕ್ಕೆ ಸೆರಗು ಸಿಕ್ಕಿಸಿ. "ಹಾಳಾಗಕ್ಕೆ ಏನೈತೆ ಅಂತ ನೋಡ್ಕೊಂಡು ಹೋಗಣ ಅಂತ ಬಂದೆ."

ಅಮ್ಮಾಜಮ್ಮ ತಟ್ಟನೆ ಬಾಯಿ ಮುಚ್ಚಿದಳು. ಕಷಾಯದ ಲೋಟ ಕೈಗೆತ್ತಿಕೊಂಡು, "ಇದನ್ನ ಚೆಲ್ಲಿ ಬರ್ತೀನಿ" ಅಂತ ಹಿತ್ತಲಿಗೆ ಹೊರಟುಹೋದಳು.

ಮುನಿಶಾಮಪ್ಪ ಅತ್ತಿಗೆಯ ಮುಖ ನೋಡಿದ. ಮದ್ದು ಸುಳ್ಳಾಯಿತು, ಒಪ್ಪಿದ. ಆದರೆ ಒಬ್ಬಟ್ಟು ಸುಳ್ಳಲ್ಲವಲ್ಲ? ತುಪ್ಪ ಸುಳ್ಳಲ್ಲವಲ್ಲ?

"ವದಿನಮ್ಮ, ಒಂದು ಮಾತು ಕೇಳ್ತೀನಿ. ನಿಜ ಹೇಳು. ಮೂರು ವರ್ಷ ಮಾತಿಲ್ಲದೋಳು ಯುಗಾದಿಗೆ ಕರೆದು ಯಾಕೆ ಇಕ್ಕಿದೆ?"

"ಮದ್ದು ಹಾಕಕ್ಕೆ ಕಣಪ್ಪ. ಹಾಕೋಳಾಗಿದ್ರೆ ಬಾವಿ ಹತ್ರ ಜಗಳ ಆಡಿದ ದಿನಾನೇ ಹಾಕ್ತಿದ್ದೆ, ಮೂರು ವರ್ಷ ಹೊಂಚಾಕಿಕೊಂಡು ಕೂರಕ್ಕೆ ನನಗೆ ಬೇರೆ ಕೆಲ್ಸ ಇಲ್ವಾ? ನಿನ್ ಗಂಟಲಲ್ಲಿ ಹದಿನೈದು ದಿನದಿಂದ ಇಳೀತಿರೋ ಗಂಜಿ ಯಾರ ಮನೆ ಅಕ್ಕೀದು ಅಂತ ನಿನ್ ಹೆಂಡ್ತೀನ ಕೇಳು ಮೊದ್ಲು!"

ಮುನಿಶಾಮಪ್ಪ ಹೆಂಡತಿಯ ಕಡೆ ತಿರುಗಿದ. ರತ್ನಮ್ಮ ಈ ಸಲ ಮುಖ ತಿರುಗಿಸಲಿಲ್ಲ.

"ಹಳೇ ಅಕ್ಕೀನೇ ಆಗ್ಬೇಕು ಅಂದ್ರು ಡಾಕ್ಟ್ರು. ಇಡೀ ಊರಲ್ಲಿ ಇದ್ದಿದ್ದು ಈ ಗಂಗುಲಕ್ಕನ ಮನೇಲಿ ಮಾತ್ರ. ಹಿತ್ತಲಿಂದ ಹೋಗಿ ಕೇಳಿದೆ, ಒಂದು ಮಾತಾಡದೆ ಅಳೆದು ಕೊಟ್ರು."

"ನನಗೆ ಒಂದು ಮಾತು ಹೇಳ್ಬೇಕು ಅನ್ನಿಸಲಿಲ್ವಾ?"

"ಹೇಳಿದ್ರೆ ಕುಡೀತಿದ್ರಾ?"

ಮುನಿಶಾಮಪ್ಪನ ಮನಸ್ಸು ಒಂದೇ ಕಡೆ ಮೊಳೆ ಹೊಡೆದಂತೆ ನಿಂತಿತ್ತು. ಅಕ್ಕಿಯೂ ಕೊಟ್ಟಳು! ಒಬ್ಬಟ್ಟಿನ ಮೇಲೆ ಅಕ್ಕಿ! ಅನುಮಾನ ಇನ್ನೂ ಜಾಸ್ತಿಯೇ ಆಯಿತಲ್ಲ? ಒಲೆಯ ಪಕ್ಕದಲ್ಲಿ ಬೆಳಗಿನ ಗಂಜಿ ಮುಚ್ಚಿಟ್ಟಿತ್ತು. ಹೊಟ್ಟೆ ಚುರುಚುರು ಅನ್ನುತ್ತಿತ್ತು. ಆದರೆ ಈ ಒಂದು ಮಾತು ತಿಳಿಯದೆ ಅದರ ಒಂದು ತೊಟ್ಟೂ ಗಂಟಲಲ್ಲಿ ಇಳಿಯುವಂತಿರಲಿಲ್ಲ.

"ಅದೆಲ್ಲ ಸರಿ. ಯಾಕೆ ಇಕ್ಕಿದೆ? ಅದು ಹೇಳು."

ಗಂಗುಲಮ್ಮ ಸೊಂಟದಿಂದ ಸೆರಗು ಬಿಚ್ಚಿದಳು. ಕಂಬದ ಪಕ್ಕ ಕೂತಳು. ಮೊದಲ ಸಲ ಅವಳ ದನಿ ಕೆಳಗಿಳಿಯಿತು.

"ನಮ್ಮ ಹುಡುಗಿ ಶ್ಯಾಮಲೀಗೆ ಗೌರಿಬಿದನೂರು ಕಡೆ ಗಂಡು ಬಂದೈತೆ. ಹುಡುಗನ ತಂದೆ ಕೇಳಿದ್ನಂತೆ, 'ನಿಮ್ಮ ದಾಯಾದಿ ಮನೆಯೋರು ನಿಮ್ಮ ಜೊತೆ ಮಾತಾಡಲ್ವಂತಲ್ಲ, ಏನು ವಿಷಯ?' ಅಂತ. ನಿಶ್ಚಯಕ್ಕೆ ವೀಳ್ಯ ಬದಲಾಯಿಸೋ ದಿನ ಹುಡುಗಿ ಚಿಕ್ಕಪ್ಪ ಚಾಪೆ ಮೇಲೆ ಕೂತಿರಲಿಲ್ಲ ಅಂದ್ರೆ ಎದ್ದು ಹೋಗ್ತಾರೆ. ನಿಮ್ಮಣ್ಣಂಗೆ ನಿನ್ನ ಕೇಳೋ ಬಾಯಿಲ್ಲ. ಒಬ್ಬಟ್ಟು ತಿನ್ಸಿ ನಾನೇ ಕೇಳಣ ಅಂತ ಕರೆದೆ. ಬಾಯಿಗೆ ಬಂತು, ನಾಲಿಗೆ ಹೊರಳ್ಲಿಲ್ಲ. 'ಇನ್ನೊಂದು ತಿನ್ನಪ್ಪ' ಅಂತ ಮಾತ್ರ ಬಂತು. ಆಮೇಲೆ ನೀನು ಮಲಗ್ದೆ."

"ಅಂದ್ರೆ," ಎಂದ ಮುನಿಶಾಮಪ್ಪ ನಿಧಾನವಾಗಿ, ಕಂಬಳಿ ಪಕ್ಕಕ್ಕೆ ಸರಿಸಿ, "ನಿನ್ ಕೆಲ್ಸಕ್ಕೆ ಇಕ್ಕಿದ್ದು."

"ಹೂಂ ಕಣಪ್ಪ. ನನ್ ಕೆಲ್ಸಕ್ಕೇ."

"ನನ್ ಮೇಲೆ ಪ್ರೀತಿ ಬಂದು ಅಲ್ಲ."

"ನಿನ್ ಮೇಲೆ ಪ್ರೀತಿ ಬರಕ್ಕೆ ನನಗೇನು ಹುಚ್ಚಾ?"

"ಅಕ್ಕೀನೂ?"

"ನೀನು ಸತ್ತೋದ್ರೆ ಚಾಪೆ ಮೇಲೆ ಕೂರೋರು ಯಾರು?"

ಮುನಿಶಾಮಪ್ಪನ ಮುಖದಲ್ಲಿ ಒಂದು ತಿಂಗಳ ಮೇಲಿಂದ ಕಾಣದಿದ್ದ ಕಳೆ ಬಂತು. ತೊಡೆ ತಟ್ಟಿಕೊಂಡ. "ನೋಡಿದೇನೇ ರತ್ನ! ಏನೋ ಇದ್ದೇ ಐತೆ ಅಂತ ನಾನು ಹೇಳ್ಲಿಲ್ವಾ? ಸುಮ್ನೆ ಯಾರು ಕರೆದು ತುಪ್ಪ ಬಿಡ್ತಾರೆ? ನನ್ ಲೆಕ್ಕ ತಪ್ಪೋದಿಲ್ಲ. ಗಂಜಿ ತಾ."

ರತ್ನಮ್ಮ ಒಲೆಯ ಕಡೆ ಓಡಿದಳು. ಗಂಜಿಯನ್ನು ಮತ್ತೆ ಕುದಿ ಬರಿಸಿ, ಆರಿಸಿ, ಬಟ್ಟಲಿಗೆ ಬಗ್ಗಿಸಿ ಕೊಟ್ಟಳು. ಅವನು ಮೂಸಿ ನೋಡಲಿಲ್ಲ. ಎರಡು ಕೈಯಲ್ಲಿ ಬಟ್ಟಲು ಹಿಡಿದು ಅರ್ಧದವರೆಗೂ ಒಂದೇ ಸಮ ಕುಡಿದ.

"ಗೌರಿಬಿದನೂರಲ್ಲಿ ಎಲ್ಲಿ ಅವರ ಮನೆ?" ಅಂದ ಮೀಸೆ ಒರೆಸಿಕೊಂಡು. "ಜಮೀನೈತೆ ಅಂತಾರಾ? ಯಾರು ನೋಡಿದ್ರು? ಹುಡುಗ ಓದವ್ನೆ ಅಂದ್ರೆ ಎಲ್ಲಿ ಓದವ್ನೆ? ಆ ತಂದೆ ನಮ್ಮ ಜಗಳದ ವಿಷಯ ಅಷ್ಟು ದೂರದಿಂದ ಹೆಂಗೆ ತಿಳ್ಕೊಂಡ? ಅದೇ ಗುಮಾನಿ ನನಗೆ. ಸರಿಯಾಗಿ ವಿಚಾರಿಸಿದ್ರಾ ನೀವು?"

"ವಿಚಾರಿಸಕ್ಕೇ ಕಣಪ್ಪ ನೀನು ಬೇಕಾಗಿರೋದು," ಅಂದಳು ಗಂಗುಲಮ್ಮ.

ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಂದು ಸದ್ದು ಬಂತು. ಯಾರೋ ಹೊಟ್ಟೆಯನ್ನೇ ಬಗೆದು ಈಚೆಗೆ ಎಳೆಯುತ್ತಿರುವಂಥ ಓಕರಿಕೆ. ಒಂದು ಸಲ, ಎರಡು ಸಲ, ಮತ್ತೆ ಉಸಿರು ಸಿಗದೆ ಇನ್ನೊಂದು ಸಲ. ಗಂಗುಲಮ್ಮ ನೀರಿನ ಚೊಂಬು ಎತ್ತಿಕೊಂಡು, ರತ್ನಮ್ಮ ಬರಿಗೈಯಲ್ಲಿ, ಇಬ್ಬರೂ "ಅಯ್ಯಯ್ಯೋ" ಅನ್ನುತ್ತ ಓಡಿದರು. ಗೊಬ್ಬರದ ಗುಂಡಿಯ ಪಕ್ಕದಲ್ಲಿ ಅಮ್ಮಾಜಮ್ಮ ಮಂಡಿಯೂರಿ ಕೂತಿದ್ದಳು, ಖಾಲಿ ಲೋಟ ಅವಳ ಕಾಲ ಹತ್ತಿರ ಉರುಳಿತ್ತು. ಪಡಸಾಲೆಯಲ್ಲಿ ಮುನಿಶಾಮಪ್ಪ ಒಂದು ಕೈಯನ್ನು ಹೊಟ್ಟೆಯ ಬಲಗಡೆ ಮೆಲ್ಲಗೆ ಇಟ್ಟುಕೊಂಡು, ಆ ಸದ್ದು ನಿಲ್ಲುವವರೆಗೂ ಕಾದು, ಉಳಿದ ಗಂಜಿ ಕುಡಿದ.